ವೆಜ್ಲೆ: ಬರ್ಗಂಡಿಯ ಗುಡ್ಡದ ಮೇಲೊಂದು ಚರ್ಚು, ತಪ್ಪಲಲ್ಲಿ ದ್ರಾಕ್ಷಿ

ವೆಜ್ಲೆ ಫ್ರಾನ್ಸಿನ ಬರ್ಗಂಡಿ ಸೀಮೆಯ ಯೋನ್ ಜಿಲ್ಲೆಗೆ ಸೇರಿದ ಗುಡ್ಡದೂರು. ಪ್ಯಾರಿಸಿನಿಂದ ಆಗ್ನೇಯಕ್ಕೆ ಸುಮಾರು 220 ಕಿ.ಮೀ. ದೂರದಲ್ಲಿ, ಆವಲೊನ್ ಪಟ್ಟಣದ ಪಶ್ಚಿಮಕ್ಕೆ 15 ಕಿ.ಮೀ. ಅಂತರದಲ್ಲಿದೆ. ಮೊರ್ವಾನ್ ಬೆಟ್ಟಸಾಲು ಮುಗಿಯುವಲ್ಲಿ ಕ್ಯೂರ್ ನದಿಯ ಕಣಿವೆಗೆ ಮುಖಮಾಡಿ ನಿಂತಿರುವ ಈ ಗುಡ್ಡದ ಎತ್ತರ ಸಮುದ್ರಮಟ್ಟದಿಂದ 300 ಮೀಟರಿನ ಆಸುಪಾಸು. ಜನಸಂಖ್ಯೆ ಐನೂರನ್ನೂ ಮುಟ್ಟುವುದಿಲ್ಲ. ಇಷ್ಟು ಸಣ್ಣ ಊರಿನ ಹೆಸರು ಯುರೋಪಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಗುಡ್ಡದ ನೆತ್ತಿಯಲ್ಲಿರುವ ಸಂತ ಮೇರಿ ಮ್ಯಾಗ್ಡಲೀನಳ ಬಸಿಲಿಕಾ. ರೋಮನೆಸ್ಕ್ ಶೈಲಿಯ ಕಟ್ಟಡಗಳಲ್ಲಿ ಇದು ಮೊದಲ ಸಾಲಿನದು. ಯುನೆಸ್ಕೊ 1979ರಲ್ಲಿ ಫ್ರಾನ್ಸಿನ ಮೊದಲ ವಿಶ್ವ ಪರಂಪರೆಯ ತಾಣಗಳನ್ನು ಆರಿಸಿದಾಗ ವೆಜ್ಲೆಯ ಚರ್ಚು ಮತ್ತು ಗುಡ್ಡ ಎರಡೂ ಆ ಪಟ್ಟಿಯಲ್ಲಿದ್ದವು.

ಊರಿನ ಇನ್ನೊಂದು ಆಸ್ತಿ ವೈನ್. ತಪ್ಪಲಿನ ಇಳಿಜಾರಿನಲ್ಲಿ ಬೆಳೆದ ದ್ರಾಕ್ಷಿಯ ಬಿಳಿ ವೈನಿಗೆ 2017ರಿಂದ ವೆಜ್ಲೆ ಎಂಬ ಊರ ಹೆಸರನ್ನೇ ಹಾಕಿಕೊಳ್ಳುವ ಕಾನೂನುಬದ್ಧ ಹಕ್ಕಿದೆ. ಮೇಲೆ ಚರ್ಚು, ಕೆಳಗೆ ದ್ರಾಕ್ಷಿಯ ಸಾಲುಗಳು: ಒಟ್ಟಿಗೆ ಕಂಡರೆ ಎರಡೂ ಸಾವಿರ ವರ್ಷದಿಂದ ಹೀಗೇ ಇದ್ದವೇನೋ ಅನ್ನಿಸುತ್ತದೆ. ಪ್ರವಾಸಿಗರಿಗೆ ಬೇಕಾದದ್ದೂ ಆ ಭಾವನೆಯೇ. ಆದರೆ ಚರ್ಚು 19ನೇ ಶತಮಾನದಲ್ಲಿ ಕುಸಿಯುವ ಹಂತಕ್ಕೆ ಬಂದು ಕೂದಲೆಳೆಯಲ್ಲಿ ಉಳಿದದ್ದು. ದ್ರಾಕ್ಷಿ ಅದೇ ಶತಮಾನದ ಕೊನೆಗೆ ಹೆಚ್ಚುಕಡಿಮೆ ನಾಶವಾಗಿ, ಮುಕ್ಕಾಲು ಶತಮಾನ ಕಳೆದ ಮೇಲೆ ಮತ್ತೆ ನೆಟ್ಟದ್ದು. ಈ ಊರಿನಲ್ಲಿ ಹಳೆಯದೆಂದು ಕಾಣುವುದರಲ್ಲಿ ಬಹುಪಾಲು ಎರಡನೆಯ ಸಲ ಮಾಡಿದ್ದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ವೆಜ್ಲೆ ಹೆಚ್ಚು ಅರ್ಥವಾಗುತ್ತದೆ.

ಮೊದಲು ಇಲ್ಲಿದ್ದದ್ದು ಗುಡ್ಡದ ಮೇಲಿನ ಮಠವಲ್ಲ. 9ನೇ ಶತಮಾನದ ನಡುವೆ ಜಿರಾರ್ ಎಂಬ ಶ್ರೀಮಂತ ದೊರೆ ಮತ್ತು ಅವನ ಹೆಂಡತಿ ಬೆರ್ತ್ ಸೇರಿ ಕಣಿವೆಯಲ್ಲಿ, ಈಗಿನ ಸ್ಯಾಂ-ಪೇರ್ ಗ್ರಾಮದ ಜಾಗದಲ್ಲಿ, ಸಂನ್ಯಾಸಿನಿಯರಿಗೆಂದು ಮಠ ಕಟ್ಟಿಸಿದರು. ಅದನ್ನು ನೇರವಾಗಿ ಪೋಪ್‌ನ ರಕ್ಷಣೆಗೆ ಒಪ್ಪಿಸಿದ್ದು ದೂರದೃಷ್ಟಿಯ ಕೆಲಸ, ಮುಂದಿನ ಜಗಳಗಳಿಗೆಲ್ಲ ಬೀಜವೂ ಅದೇ. ಸ್ಥಳೀಯ ಬಿಷಪ್ಪನಾಗಲಿ ಕೌಂಟನಾಗಲಿ ಮಠದ ಮೇಲೆ ಅಧಿಕಾರ ನಡೆಸುವಂತಿರಲಿಲ್ಲ. ನದಿಯ ಗುಂಟ ಬಂದ ನಾರ್ಮನ್ ದಾಳಿಕೋರರ ಕಾಟದಿಂದ ಮಠ ಗುಡ್ಡದ ಮೇಲಕ್ಕೆ ಹೋಯಿತು; ಅಷ್ಟರಲ್ಲಿ ಅಲ್ಲಿ ಬೆನೆಡಿಕ್ಟೀನ್ ಪಂಥದ ಸಂನ್ಯಾಸಿಗಳು ನೆಲೆಸಿದ್ದರು.

ಎರಡು ಶತಮಾನ ಸಾಧಾರಣವಾಗಿದ್ದ ಮಠದ ಅದೃಷ್ಟ ಬದಲಾದದ್ದು 11ನೇ ಶತಮಾನದಲ್ಲಿ. 1037ರಲ್ಲಿ ಮಠಾಧಿಪತಿಯಾದ ಜೊಫ್ರುವಾನ ಕಾಲದಲ್ಲಿ, ಯೇಸುವಿನ ಶಿಷ್ಯೆ ಮೇರಿ ಮ್ಯಾಗ್ಡಲೀನಳ ಅಸ್ಥಿ ತಮ್ಮಲ್ಲಿದೆ ಎಂಬ ಮಾತು ಹೊರಬಿತ್ತು. ಅದು ಪ್ರೊವಾನ್ಸಿನಿಂದ ಇಲ್ಲಿಗೆ ಬಂದ ಬಗೆಗೆ ಕಥೆಯೂ ಹುಟ್ಟಿತು. 1058ರಲ್ಲಿ ಪೋಪ್ ಸ್ಟೀಫನ್ ಅದಕ್ಕೆ ಮನ್ನಣೆ ಕೊಟ್ಟ. ಯಾತ್ರಿಕರ ಪ್ರವಾಹ ಶುರುವಾಯಿತು. ಸ್ಪೇನಿನ ಸಾಂಟಿಯಾಗೊ ದೆ ಕಾಂಪೊಸ್ಟೆಲಾಕ್ಕೆ ಫ್ರಾನ್ಸಿನ ಮೂಲಕ ಹೋಗುವ ನಾಲ್ಕು ಹೆದ್ದಾರಿಗಳನ್ನು 12ನೇ ಶತಮಾನದ ಯಾತ್ರಾ ಕೈಪಿಡಿಯೊಂದು ಹೆಸರಿಸುತ್ತದೆ. ಅವುಗಳಲ್ಲಿ ಒಂದು ಹೊರಡುವುದು ವೆಜ್ಲೆಯಿಂದ. ಇಂದಿಗೂ ಊರ ಕೆಳಗಿನಿಂದ ಬಸಿಲಿಕಾಕ್ಕೆ ಏರುವ ಬೀದಿಯ ನೆಲದಲ್ಲಿ ಆ ಯಾತ್ರೆಯ ಗುರುತಾದ ಲೋಹದ ಚಿಪ್ಪುಗಳನ್ನು ಹುದುಗಿಸಿದ್ದಾರೆ. ಅವನ್ನು ನೋಡಿಕೊಂಡು ನಡೆದರೆ ದಾರಿ ಕೇಳಬೇಕಾಗಿಲ್ಲ. ಬೀದಿಯ ಎರಡೂ ಬದಿಯ ಹಳೆಯ ಮನೆಗಳ ಕೆಳಗೆ ಕಮಾನು ಹಾಕಿದ ನೆಲಮಾಳಿಗೆಗಳಿವೆ. ಜಾತ್ರೆಯ ದಿನಗಳಲ್ಲಿ ಯಾತ್ರಿಕರು ಉಳಿದುಕೊಳ್ಳುತ್ತಿದ್ದದ್ದು ಇಂಥವುಗಳಲ್ಲೇ.

ಸಂತಳ ಹೆಸರಿನಲ್ಲಿ ಬಂದ ಹಣ ಊರಿನವರಿಗೂ ಮಠಕ್ಕೂ ನಡುವೆ ವಿಷ ಹಾಕಿತು. ಮಠಾಧಿಪತಿ ಆರ್ತೊ ಹೊಸ ಚರ್ಚಿನ ಕೆಲಸ ಆರಂಭಿಸಿ 1104ರಲ್ಲಿ ಅದರ ಪೂರ್ವಭಾಗವನ್ನು ಪ್ರತಿಷ್ಠಾಪಿಸಿದ. ಕಟ್ಟಡದ ಖರ್ಚಿಗೆ ಹಾಕಿದ ತೆರಿಗೆಯಿಂದ ರೊಚ್ಚಿಗೆದ್ದ ಜನ 1106ರಲ್ಲಿ ಅವನನ್ನು ಕೊಂದರು. 1120ರ ಜುಲೈಯಲ್ಲಿ, ಸಂತಳ ಹಬ್ಬದ ಹಿಂದಿನ ರಾತ್ರಿ, ಯಾತ್ರಿಕರಿಂದ ತುಂಬಿದ್ದ ಹಳೆಯ ಚರ್ಚಿಗೆ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರೆಂದು ಅಂದಿನ ವೃತ್ತಾಂತಗಳು ಹೇಳುತ್ತವೆ. 1152ರಲ್ಲಿ ಊರಿನವರು ನೆವೆರ್ ಕೌಂಟನ ಬೆಂಬಲದಿಂದ ತಮ್ಮದೇ ಸ್ವಯಮಾಡಳಿತ ಘೋಷಿಸಿದರು. 1155ರಲ್ಲಿ ರಾಜ ಏಳನೇ ಲೂಯಿ ಅದನ್ನು ಅಡಗಿಸಿದ. ಇದನ್ನೆಲ್ಲ ಬರೆದಿಟ್ಟವನು ಪ್ವಾತ್ಯೇಯ ಹ್ಯೂಗ್ ಎಂಬ ಮಠದ ಸಂನ್ಯಾಸಿ. ಆದ್ದರಿಂದ ನಮಗೆ ಸಿಕ್ಕಿರುವ ಕಥೆ ಮಠದ ಕಡೆಯದು. ಕಲ್ಲು ಹೊತ್ತವರ, ತೆರಿಗೆ ತೆತ್ತವರ ಮಾತು ಅದರಲ್ಲಿ ಆರೋಪಿಗಳ ಮಾತಾಗಿ ಮಾತ್ರ ಕೇಳಿಸುತ್ತದೆ.

12ನೇ ಶತಮಾನದ ರಾಜಕಾರಣಕ್ಕೆ ವೆಜ್ಲೆ ಒಳ್ಳೆಯ ವೇದಿಕೆಯಾಯಿತು. 1146ರ ಮಾರ್ಚ್ 31ರಂದು, ಈಸ್ಟರ್ ಹಬ್ಬದಲ್ಲಿ, ಕ್ಲೇರ್ವೊದ ಸಂತ ಬರ್ನಾರ್ಡ್ ರಾಜನ ಸಮಕ್ಷಮದಲ್ಲಿ ಎರಡನೆಯ ಧರ್ಮಯುದ್ಧಕ್ಕೆ ಕರೆಕೊಟ್ಟದ್ದು ಇಲ್ಲಿ. ಜನ ಚರ್ಚಿನೊಳಗೆ ಹಿಡಿಸದೆ ಗುಡ್ಡದ ಉತ್ತರದ ಇಳಿಜಾರಿನಲ್ಲಿ ಸಭೆ ನಡೆಯಿತು. ಇಂಗ್ಲೆಂಡಿನಿಂದ ಓಡಿಬಂದಿದ್ದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ 1166ರಲ್ಲಿ ತನ್ನ ಎದುರಾಳಿಗಳನ್ನು ಧರ್ಮಭ್ರಷ್ಟರೆಂದು ಸಾರಿದ್ದೂ ಇಲ್ಲಿಯ ಪೀಠದಿಂದ. 1190ರ ಜುಲೈಯಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಫ್ರಾನ್ಸಿನ ಫಿಲಿಪ್ ತಮ್ಮ ಸೇನೆಗಳೊಂದಿಗೆ ಇಲ್ಲಿ ಕೂಡಿ ಮೂರನೆಯ ಧರ್ಮಯುದ್ಧಕ್ಕೆ ಹೊರಟರು. ಬರ್ನಾರ್ಡ್ ಮಾತಾಡಿದ ಜಾಗದ ಬಳಿ ಕಾರ್ದೆಲ್ ಎಂಬ ಪುಟ್ಟ ಪ್ರಾರ್ಥನಾಮಂದಿರವಿದೆ. ಬಸಿಲಿಕಾದಿಂದ ಹೊಲದ ನಡುವಿನ ಕಾಲುದಾರಿಯಲ್ಲಿ ಇಳಿದು ಹೋಗಬಹುದು. ಫ್ರಾನ್ಸಿಸ್ಕನ್ ಸಂನ್ಯಾಸಿಗಳು 1217ರಲ್ಲಿ ಈ ದೇಶದಲ್ಲಿ ಮೊದಲು ನೆಲೆಯೂರಿದ್ದು ಅಲ್ಲಿ. ಇದನ್ನು ನೋಡದೆ ಹೋಗುವವರೇ ಹೆಚ್ಚು.

ಈಗ ಕಟ್ಟಡದ ವಿಚಾರ. ಬೆಂಕಿಯ ನಂತರ 1120ರಿಂದ 1140ರ ಒಳಗೆ ಚರ್ಚಿನ ನಡುಸಾಲೆ ಎದ್ದಿತು. ಅದರ ಮುಂದಿನ ಮುಖಮಂಟಪ ಸ್ವಲ್ಪ ಈಚಿನದು. ಪೂರ್ವದ ಗಾಯನಸ್ಥಾನ 12ನೇ ಶತಮಾನದ ಕೊನೆಯಲ್ಲಿ ಆರಂಭವಾದ ಗಾಥಿಕ್ ಕೆಲಸ. ಬಾಗಿಲಿನಿಂದ ಪೂರ್ವಕ್ಕೆ ನಡೆಯುತ್ತ ಹೋದರೆ ಭಾರವಾದ ಅರ್ಧವೃತ್ತದ ಕಮಾನುಗಳು ಮುಗಿದು, ಮೊನಚು ಕಮಾನಿನ ಬೆಳಕುತುಂಬಿದ ಭಾಗ ಶುರುವಾಗುವುದು ಒಂದೇ ನೋಟಕ್ಕೆ ಸಿಕ್ಕುತ್ತದೆ. ಎರಡು ಶೈಲಿಗಳ ವ್ಯತ್ಯಾಸವನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಇಲ್ಲಿ ಹತ್ತು ನಿಮಿಷ ನಿಲ್ಲುವುದು ಲೇಸು. ಹತ್ತು ಅಂಕಣಗಳ ನಡುಸಾಲೆ ಸುಮಾರು 62 ಮೀ. ಉದ್ದವಿದೆ. ರೋಮನೆಸ್ಕ್ ಚರ್ಚುಗಳು ಸಾಮಾನ್ಯವಾಗಿ ಕತ್ತಲೆಯ ಕಟ್ಟಡಗಳು. ಪೀಪಾಯಿಯಂಥ ಕಲ್ಲಿನ ಚಾವಣಿಯ ಭಾರ ಹೊರಲು ಗೋಡೆ ದಪ್ಪವಿರಬೇಕು, ಕಿಟಕಿ ಸಣ್ಣದಿರಬೇಕು. ವೆಜ್ಲೆಯ ಶಿಲ್ಪಿಗಳು ಒಂದನ್ನೊಂದು ಅಡ್ಡಹಾಯುವ ಕಮಾನುಚಾವಣಿಯನ್ನು ಆರಿಸಿಕೊಂಡು ಭಾರವನ್ನು ಕಂಬಗಳ ಕಡೆಗೆ ತಿರುಗಿಸಿದರು. ಗೋಡೆಯ ಮೇಲ್ಭಾಗದಲ್ಲಿ ಕಿಟಕಿಗೆ ಜಾಗ ಸಿಕ್ಕಿತು. ಅಡ್ಡ ಕಮಾನುಗಳಲ್ಲಿ ಬಿಳಿ ಮತ್ತು ಕಂದುಬಣ್ಣದ ಕಲ್ಲುಗಳನ್ನು ಒಂದುಬಿಟ್ಟೊಂದು ಜೋಡಿಸಿದ್ದಾರೆ. ಈ ಧೈರ್ಯಕ್ಕೆ ಬೆಲೆಯನ್ನೂ ತೆರಬೇಕಾಯಿತು: ಚಾವಣಿಯ ಒತ್ತಡಕ್ಕೆ ಗೋಡೆಗಳು ಹೊರಕ್ಕೆ ವಾಲಿದವು, ಆಮೇಲೆ ಹೊರಗಿನಿಂದ ಆನಿಕೆಯ ಕಮಾನುಗಳನ್ನು ಕೊಡಬೇಕಾಯಿತು.

ಬೆಳಕಿನದೇ ಇನ್ನೊಂದು ಸಂಗತಿ. ಜೂನ್ 21ರ ಆಸುಪಾಸು, ಸೂರ್ಯ ನೆತ್ತಿಗೆ ಬಂದಾಗ, ದಕ್ಷಿಣದ ಮೇಲ್ಕಿಟಕಿಗಳಿಂದ ಬೀಳುವ ಬಿಸಿಲು ನಡುಸಾಲೆಯ ನೆಲದ ಸರಿನಡುವೆ ಸಾಲಾಗಿ ಬಿಳಿ ಮಚ್ಚೆಗಳನ್ನು ಹಾಕುತ್ತದೆ. ಬಾಗಿಲಿನಿಂದ ಬಲಿಪೀಠದ ಕಡೆಗೆ ಅದೊಂದು ದಾರಿಯಂತೆ ಕಾಣುತ್ತದೆ. ಚಳಿಗಾಲದ ಸಂಕ್ರಮಣದ ಹೊತ್ತಿನಲ್ಲಿ ಅದೇ ಬಿಸಿಲು ಉತ್ತರದ ಕಂಬಗಳ ಬೋದಿಗೆಗಳ ಮೇಲೆ ಬೀಳುತ್ತದೆ. ಇದನ್ನು ಲೋಕದ ಗಮನಕ್ಕೆ ತಂದದ್ದು 1976ರಲ್ಲಿ ಇಲ್ಲಿದ್ದ ಫ್ರಾನ್ಸಿಸ್ಕನ್ ಪಾದ್ರಿಯೊಬ್ಬರು. ಬೇಸಿಗೆಯಲ್ಲಿ ಫ್ರಾನ್ಸಿನ ಗಡಿಯಾರ ಮುಂದೋಡುವುದರಿಂದ ಈ ಘಳಿಗೆ ಬರುವುದು ಹನ್ನೆರಡಕ್ಕಲ್ಲ, ಎರಡು ಗಂಟೆಗೆ ಸ್ವಲ್ಪ ಮುಂಚೆ. ಅದನ್ನು ನೋಡಲು ಸೇರುವ ಜನರ ನೂಕುನುಗ್ಗಲಿನಲ್ಲಿ ಆ ಬೆಳಕಿನ ದಾರಿ ಪೂರ್ತಿ ಕಾಣಬೇಕಾದರೆ ಬೇಗ ಹೋಗಿ ಜಾಗ ಹಿಡಿಯಬೇಕು.

ವೆಜ್ಲೆಯ ಶಿಲ್ಪದಲ್ಲಿ ಎಲ್ಲಕ್ಕೂ ಮಿಗಿಲಾದದ್ದು ಮುಖಮಂಟಪದೊಳಗೆ, ನಡುಸಾಲೆಗೆ ಹೋಗುವ ಹೆಬ್ಬಾಗಿಲಿನ ಮೇಲಿನ ಅರ್ಧಚಂದ್ರಾಕಾರದ ಕಲ್ಲುಫಲಕ. ಕಾಲ 1130ರ ಆಸುಪಾಸು. ನಡುವೆ ಕ್ರಿಸ್ತ ಕೈಚಾಚಿ ಕೂತಿದ್ದಾನೆ. ಬೆರಳ ತುದಿಗಳಿಂದ ಹೊರಟ ಕಿರಣಗಳು ಶಿಷ್ಯರನ್ನು ಮುಟ್ಟುತ್ತವೆ. ಲೋಕಕ್ಕೆಲ್ಲ ಸುವಾರ್ತೆ ಸಾರಲು ಅವರನ್ನು ಕಳಿಸುವ ಪ್ರಸಂಗ ಇದೆಂಬುದು ಹೆಚ್ಚಿನವರ ಅಭಿಪ್ರಾಯ. ಕ್ರಿಸ್ತನ ನಿಲುವಂಗಿಯ ಮಡಿಕೆ ಸೊಂಟದ ಬಳಿಯಲ್ಲಿ ಸುಳಿಯಂತೆ ಸುತ್ತಿಕೊಂಡಿರುವುದನ್ನು ಹತ್ತಿರ ನಿಂತು ನೋಡಬೇಕು. ಆಸನದಲ್ಲಿ ಕೂತ ಮೈಗೆ ಅಷ್ಟು ವೇಗ ಕೊಟ್ಟ ಉಳಿಯ ಒಡೆಯ ಯಾರೋ, ಹೆಸರು ಉಳಿದಿಲ್ಲ.

ಕೆಳಗಿನ ಪಟ್ಟಿಯಲ್ಲೂ ಸುತ್ತಲಿನ ಚೌಕಗಳಲ್ಲೂ ಇರುವವರು ಆ ಸುವಾರ್ತೆಯನ್ನು ಇನ್ನೂ ಕೇಳದ ಜನಾಂಗಗಳು. ಏಣಿ ಹಾಕಿಕೊಂಡು ಕುದುರೆ ಹತ್ತುತ್ತಿರುವ ಕುಳ್ಳರು, ಮೈಯನ್ನೇ ಮುಚ್ಚುವಷ್ಟು ದೊಡ್ಡ ಕಿವಿಯವರು, ನಾಯಿಮುಖದ ಮನುಷ್ಯರು. ನಾಯಿಮುಖದವರ ವಿಳಾಸ ನಮಗೆ ಕುತೂಹಲದ್ದು: ಗ್ರೀಕ್ ಬರಹಗಾರ ಕ್ಟೀಸಿಯಾಸ್ ಕ್ರಿಸ್ತಪೂರ್ವದಲ್ಲೇ ಅವರನ್ನು ಭಾರತದ ಬೆಟ್ಟಗಳಲ್ಲಿ ಇರಿಸಿದ್ದ. ಆ ಕಥೆ ಲ್ಯಾಟಿನ್ ಗ್ರಂಥಗಳ ಮೂಲಕ ಹದಿನೈದು ಶತಮಾನ ಸುತ್ತಿ ಬರ್ಗಂಡಿಯ ಕಲ್ಲಿಗೆ ಬಂದು ಸೇರಿದೆ. ಭಾರತವನ್ನು ಕಾಣದ ಯುರೋಪು ಅದನ್ನು ಊಹಿಸಿಕೊಂಡ ರೀತಿಗೆ ಇಷ್ಟು ಚೆಂದದ ದಾಖಲೆ ಅಪರೂಪ. ಫಲಕದ ಹೊರ ಅಂಚಿನ ವೃತ್ತಗಳಲ್ಲಿ ಹನ್ನೆರಡು ರಾಶಿಗಳ ಜೊತೆಗೆ ಹನ್ನೆರಡು ತಿಂಗಳ ಕೆಲಸಗಳಿವೆ. ಬೆಂಕಿ ಕಾಯಿಸಿಕೊಳ್ಳುವವನು, ಹುಲ್ಲು ಕೊಯ್ಯುವವನು, ಕಾಳು ಬಡಿಯುವವನು. ಅವರ ನಡುವೆ ದ್ರಾಕ್ಷಿಬಳ್ಳಿ ಸವರುವವನು, ಹಣ್ಣು ಕೊಯ್ಯುವವನು. ಸ್ವರ್ಗದ ವ್ಯವಹಾರದ ಅಂಚಿಗೆ ಹೊಲದ ಪಂಚಾಂಗವನ್ನು ಕೂರಿಸಿದ್ದಾರೆ.

ಒಳಗಿನ ಕಂಬಗಳ ಬೋದಿಗೆಗಳಲ್ಲಿ ಕಥೆ ಕೆತ್ತಿದವು ನೂರರ ಆಸುಪಾಸು ಇವೆ. ಎಲ್ಲವನ್ನೂ ನೋಡಲು ಹೊರಟರೆ ಕತ್ತು ನೋಯುತ್ತದೆ, ಆದರೆ ಒಂದನ್ನಂತೂ ಬಿಡಬಾರದು. ಬಲಬದಿಯ ಸಾಲಿನಲ್ಲಿ ಹಿಟ್ಟಿನ ಗಿರಣಿಯ ಬೋದಿಗೆ ಇದೆ. ಒಬ್ಬ ಮೇಲಿನಿಂದ ಗಿರಣಿಗೆ ಕಾಳು ಸುರಿಯುತ್ತಿದ್ದಾನೆ, ಇನ್ನೊಬ್ಬ ಕೆಳಗೆ ಬಗ್ಗಿ ಚೀಲಕ್ಕೆ ಹಿಟ್ಟು ಹಿಡಿಯುತ್ತಿದ್ದಾನೆ. ಸುರಿಯುವವನು ಮೋಶೆ, ಹಿಡಿಯುವವನು ಪೌಲ: ಹಳೆಯ ಒಡಂಬಡಿಕೆಯ ಕಾಳು ಹೊಸ ಒಡಂಬಡಿಕೆಯ ಹಿಟ್ಟಾಗುತ್ತದೆ ಎಂಬ ತತ್ತ್ವ. ಓದು ಬಾರದ ರೈತನಿಗೂ ಗಿರಣಿ ಎಂದರೇನು ಗೊತ್ತಿತ್ತು.

ಇಳಿಗಾಲ ಬೇಗ ಬಂತು. 1267ರಲ್ಲಿ ರಾಜ ಒಂಬತ್ತನೇ ಲೂಯಿಯ ಎದುರಿನಲ್ಲೇ ಅಸ್ಥಿಯನ್ನು ಮೆರೆಸಿದ ಮಠಕ್ಕೆ, 1279ರಲ್ಲಿ ಪ್ರೊವಾನ್ಸಿನ ಸ್ಯಾಂ-ಮ್ಯಾಕ್ಸಿಮಾದಿಂದ ಸುದ್ದಿ ಬಂತು: ಮ್ಯಾಗ್ಡಲೀನಳ ನಿಜವಾದ ಅಸ್ಥಿ ಅಲ್ಲಿಯೇ ಸಿಕ್ಕಿದೆಯಂತೆ. 1295ರಲ್ಲಿ ಪೋಪ್ ಎಂಟನೇ ಬೋನಿಫೇಸ್ ಅದನ್ನೇ ಒಪ್ಪಿದ. ಯಾತ್ರಿಕರು ದಾರಿ ಬದಲಿಸಿದರು. 1537ರಲ್ಲಿ ಸಂನ್ಯಾಸಿಗಳ ಮಠವೇ ಹೋಗಿ ಸಾಮಾನ್ಯ ಪಾದ್ರಿಗಳ ಮಂಡಲಿ ಬಂತು. 1569ರಲ್ಲಿ ಪ್ರಾಟೆಸ್ಟೆಂಟರು ಊರನ್ನು ಹಿಡಿದರು. ಅವರ ದೊಡ್ಡ ನಾಯಕರಲ್ಲೊಬ್ಬನಾದ ತೆಯೊಡೋರ್ ದ ಬೇಝ್ 1519ರಲ್ಲಿ ಹುಟ್ಟಿದ್ದು ಇದೇ ವೆಜ್ಲೆಯಲ್ಲಿ ಎಂಬುದು ಚರಿತ್ರೆಯ ಚೇಷ್ಟೆ. ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಮಠದ ಕಟ್ಟಡಗಳನ್ನು ಒಡೆದು ಮಾರಿದರು. 1819ರಲ್ಲಿ ಸಿಡಿಲು ಹೊಡೆದು ಗೋಪುರದ ತುದಿ ಸುಟ್ಟಿತು.

1834ರಲ್ಲಿ ಇಲ್ಲಿಗೆ ಬಂದವನು ಐತಿಹಾಸಿಕ ಸ್ಮಾರಕಗಳ ಇನ್ಸ್‌ಪೆಕ್ಟರ್ ಪ್ರಾಸ್ಪೆರ್ ಮೆರಿಮೆ. ಮುಂದೆ ‘ಕಾರ್ಮೆನ್’ ಬರೆದ ಕತೆಗಾರನೇ ಈತ. ಒಳಗೆ ಕೂತು ಚಿತ್ರ ಬರೆದುಕೊಳ್ಳುತ್ತಿದ್ದಾಗ ಚಾವಣಿಯಿಂದ ಸಣ್ಣ ಸಣ್ಣ ಕಲ್ಲು ಕಳಚಿ ಬೀಳುವ ಸದ್ದು ಕೇಳುತ್ತಲೇ ಇತ್ತೆಂದು ಅವನು ವರದಿ ಮಾಡಿದ್ದಾನೆ. 1840ರಲ್ಲಿ ಕೆಲಸ ಒಪ್ಪಿಸಿದ್ದು ಯೂಜೆನ್ ವಿಯೊಲೆ-ಲೆ-ಡ್ಯುಕ್ ಎಂಬ 26 ವರ್ಷದ ವಾಸ್ತುಶಿಲ್ಪಿಗೆ. ಪ್ಯಾರಿಸಿನ ನೋತ್ರ್ ದಾಮ್, ಕಾರ್ಕಾಸೊನ್ ಕೋಟೆ ಇವೆಲ್ಲ ಅವನ ಕೈಗೆ ಬಂದದ್ದು ಆಮೇಲೆ. 1859ರವರೆಗೆ ಕೆಲಸ ನಡೆಯಿತು. ಆನಿಕೆ ಕಮಾನುಗಳನ್ನು ಹೊಸದಾಗಿ ಕಟ್ಟಿದ, ಚಾವಣಿಯ ಕೆಲವು ಅಂಕಣಗಳನ್ನು ಬಿಚ್ಚಿ ರೋಮನೆಸ್ಕ್ ರೀತಿಯಲ್ಲೇ ಮತ್ತೆ ಕಟ್ಟಿದ, ಸವೆದ ಬೋದಿಗೆಗಳನ್ನು ತೆಗೆದು ಪ್ರತಿಗಳನ್ನು ಇರಿಸಿದ. ತೆಗೆದ ಮೂಲಗಳು ಚರ್ಚಿನ ಪಕ್ಕದ ಸಂಗ್ರಹಾಲಯದಲ್ಲಿವೆ. ಹೊರಗೋಡೆಯ ಬಾಗಿಲ ಮೇಲಿರುವ ಅಂತಿಮ ತೀರ್ಪಿನ ಶಿಲ್ಪ ಪೂರ್ತಿ 1856ರದು, ಕೆತ್ತಿದವನು ಮಿಶೆಲ್ ಪಾಸ್ಕಾಲ್. ಒಳಗಿನ ಫಲಕದ ಜೊತೆ ಹೋಲಿಸಿದರೆ ಅದು ಸಪ್ಪೆ. ಲೆ-ಡ್ಯುಕ್ ತನ್ನ ಕಲ್ಪನೆಯನ್ನು ಹಳೆಯದರ ಮೇಲೆ ಹೇರಿದನೆಂದು ಬೈಯುವವರು ಬಹಳ. ವೆಜ್ಲೆಯ ಮಟ್ಟಿಗೆ, ಅವನು ಬರದಿದ್ದರೆ ಬೈಯಲು ಕಟ್ಟಡವೇ ಇರುತ್ತಿರಲಿಲ್ಲ.

ಕಟ್ಟಡ ಗಟ್ಟಿಯಾಗುತ್ತಿದ್ದಂತೆ ತಪ್ಪಲು ಬರಿದಾಗತೊಡಗಿತು. ಅಮೆರಿಕದಿಂದ ಸಸಿಗಳ ಜೊತೆ ಬಂದ ಫಿಲಾಕ್ಸೆರ ಎಂಬ ಸಸ್ಯಹೇನು 19ನೇ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಬಳ್ಳಿಗಳ ಬೇರನ್ನು ತಿಂದುಹಾಕಿತು. ಯೋನ್ ಜಿಲ್ಲೆಯ ತೋಟಗಳೂ ಒಣಗಿದವು. ದಕ್ಷಿಣದ ಅಗ್ಗದ ವೈನ್ ರೈಲು ಹತ್ತಿ ಬರತೊಡಗಿದ್ದರಿಂದ ಮತ್ತೆ ನೆಡುವ ಹುಮ್ಮಸ್ಸೂ ಇರಲಿಲ್ಲ. 1914ರ ಯುದ್ಧ ದುಡಿಯುವ ಗಂಡಸರನ್ನೂ ಕೊಂಡೊಯ್ದಿತು. ಮದ್ದು ಸಿಕ್ಕಿದ್ದು ರೋಗ ಬಂದಲ್ಲಿಂದಲೇ: ಹೇನನ್ನು ತಾಳಿಕೊಳ್ಳುವ ಅಮೆರಿಕದ ಬಳ್ಳಿಯ ಬೇರಿಗೆ ಫ್ರೆಂಚ್ ಬಳ್ಳಿಯ ಕಸಿ. ಬೇರೆ ಕಾರಣಕ್ಕೆ, ಬರ ಮತ್ತು ಉಪ್ಪುನೀರನ್ನು ತಡೆಯಲೆಂದು, ವಿಜಯಪುರದ ದ್ರಾಕ್ಷಿ ಬೆಳೆಗಾರರು ಇಂದು ಡಾಗ್ರಿಜ್ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಅದರ ಮೂಲವೂ ಅಮೆರಿಕವೇ.

ವೆಜ್ಲೆಯಲ್ಲಿ ಮರುನಾಟಿ ನಡೆದದ್ದು 1970ರ ದಶಕದಿಂದ ಈಚೆಗೆ. ಕೆಳಗಿನ ಸ್ಯಾಂ-ಪೇರ್‌ನಲ್ಲಿ ಲೆಸ್ಪೆರಾನ್ಸ್ ಎಂಬ ಹೆಸರಾಂತ ಹೋಟೆಲು ನಡೆಸುತ್ತಿದ್ದ ಅಡುಗೆಯ ಮಾಂತ್ರಿಕ ಮಾರ್ಕ್ ಮೆನೊ ಈ ಕೆಲಸಕ್ಕೆ ಕೈಜೋಡಿಸಿದವರಲ್ಲಿ ಪ್ರಮುಖ. ರೈತರ ಸಹಕಾರ ಸಂಘವೂ ಹುಟ್ಟಿತು. ಮೊದಲು ಬರ್ಗಂಡಿ ಎಂಬ ದೊಡ್ಡ ಹೆಸರಿನ ನೆರಳಲ್ಲಿ, ಆಮೇಲೆ ಬರ್ಗಂಡಿ-ವೆಜ್ಲೆ ಎಂಬ ಜೋಡಿ ಹೆಸರಿನಲ್ಲಿ ಮಾರಿದ ವೈನ್, 2017ರಲ್ಲಿ ಸ್ವಂತ ಹೆಸರು ಪಡೆಯಿತು. ವೆಜ್ಲೆ, ಸ್ಯಾಂ-ಪೇರ್, ಆಸ್ಕೆ ಮತ್ತು ಥಾರ್ವಾಸೊ ಎಂಬ ನಾಲ್ಕು ಗ್ರಾಮಗಳ ದ್ರಾಕ್ಷಿಗೆ ಮಾತ್ರ ಈ ಹಕ್ಕು. ನೆಲ ಸುಣ್ಣಕಲ್ಲು ಬೆರೆತ ಜೇಡಿ, ತಳಿ ಶಾರ್ಡೊನೆ. ಇದೇ ಜಿಲ್ಲೆಯ ಶಾಬ್ಲಿ ಲೋಕವಿಖ್ಯಾತ. ಅದರ ಬೆಲೆ ಕೊಡಲಾಗದವರು ವೆಜ್ಲೆಯ ಕಡೆ ತಿರುಗುವುದುಂಟು. ತೆಳುವಾದ, ನಿಂಬೆಯ ಹುಳಿಯಿರುವ ಈ ವೈನಿಗೆ ಮೇಕೆಹಾಲಿನ ಚೀಸ್ ಅಥವಾ ಹೊಳೆಮೀನು ಒಳ್ಳೆಯ ಜೊತೆ. ಬೆಳೆಗಾರರ ಭಯ ವಸಂತದ ಹಿಮ: ಏಪ್ರಿಲ್‌ನಲ್ಲಿ ಬೇಗ ಚಿಗುರಿದ ಮೊಗ್ಗು ಒಂದೇ ರಾತ್ರಿಯಲ್ಲಿ ಕರಕಲಾಗಬಹುದು. 2019ರ ಜನವರಿಯಲ್ಲಿ ಬರ್ಗಂಡಿಯ ಬೆಳೆಗಾರರ ಕುಲದೈವ ಸಂತ ವಿನ್ಸೆಂಟನ ಸರದಿ ಉತ್ಸವ ವೆಜ್ಲೆಗೆ ಬಂದಾಗ, ಹೊಸ ಹೆಸರಿಗೆ ಹಳೆಯ ಊರುಗಳ ಒಪ್ಪಿಗೆ ಸಿಕ್ಕಂತಾಯಿತು.

ರಾಮಕೃಷ್ಣ ಪರಮಹಂಸ ಮತ್ತು ವಿವೇಕಾನಂದರ ಜೀವನಚರಿತ್ರೆಗಳಿಂದ ನಮ್ಮವರಿಗೆ ಪರಿಚಿತನಾದ ರೊಮೇನ್ ರೋಲಾ ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿ. ಹುಟ್ಟೂರು ಕ್ಲಾಮ್ಸಿ ಇಲ್ಲಿಂದ ದೂರವಿಲ್ಲ. 1924ರಲ್ಲಿ ಗಾಂಧಿಯನ್ನು ಕುರಿತು ಪುಸ್ತಕ ತಂದ, 1931ರ ಡಿಸೆಂಬರಿನಲ್ಲಿ ಗಾಂಧಿಯನ್ನು ಸ್ವಿಟ್ಜರ್ಲೆಂಡಿನ ತನ್ನ ಮನೆಗೆ ಬರಮಾಡಿಕೊಂಡ ಈ ನೊಬೆಲ್ ಲೇಖಕ 1938ರಲ್ಲಿ ವೆಜ್ಲೆಗೆ ಬಂದ. ಜರ್ಮನರ ಆಕ್ರಮಣದ ವರ್ಷಗಳನ್ನು ಕಂಡು 1944ರ ಡಿಸೆಂಬರ್ 30ರಂದು ಇಲ್ಲೇ ತೀರಿಕೊಂಡ. ಗುಡ್ಡ ಏರುವ ಬೀದಿಯಲ್ಲಿರುವ ಆ ಮನೆ ಈಗ ಜೆರ್ವೋಸ್ ಸಂಗ್ರಹಾಲಯ. ಕಲಾವಿಮರ್ಶಕ ಕ್ರಿಶ್ಚಿಯನ್ ಜೆರ್ವೋಸ್ ಊರಿಗೆ ಬಿಟ್ಟುಹೋದ ಪಿಕಾಸೊ, ಲೆಜೆ, ಕಾಲ್ಡರ್ ಮೊದಲಾದವರ ಕೃತಿಗಳು 2006ರಿಂದ ಅಲ್ಲಿವೆ. ರೋಲಾನ ಕಾದಂಬರಿ ‘ಕೊಲಾ ಬ್ರೂನ್ಯೋ’ದ ನಾಯಕ ಇದೇ ಸೀಮೆಯ, ವೈನ್ ಎಂದರೆ ಪ್ರಾಣಬಿಡುವ ಬಡಗಿ, ವಿವೇಕಾನಂದರ ಚರಿತ್ರೆಯನ್ನೂ ಅವನನ್ನೂ ಬರೆದ ಕೈ ಒಂದೇ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ.

ಧರ್ಮಯುದ್ಧದ ನೆನಪಿಗೆ ಊರು ಕೊಟ್ಟ ಉತ್ತರವೂ ಚರ್ಚಿನೊಳಗಿದೆ. ಬರ್ನಾರ್ಡನ ಕರೆಗೆ ಎಂಟು ನೂರು ವರ್ಷ ತುಂಬಿದ 1946ರಲ್ಲಿ ಸುಮಾರು 40,000 ಮಂದಿ ಶಾಂತಿಯಾತ್ರೆಯಾಗಿ ಇಲ್ಲಿಗೆ ಬಂದರು. ಬೇರೆಬೇರೆ ಕಡೆಗಳಿಂದ ಹದಿನಾಲ್ಕು ಭಾರಿ ಮರದ ಶಿಲುಬೆಗಳನ್ನು ಹೊತ್ತು ತಂದರು. ಹತ್ತಿರದ ಶಿಬಿರದಲ್ಲಿದ್ದ ಜರ್ಮನ್ ಯುದ್ಧಕೈದಿಗಳು ತಾವೂ ಸೇರುತ್ತೇವೆಂದು ಕೇಳಿಕೊಂಡು, ಬಾಂಬಿಗೆ ಉರುಳಿದ ಮನೆಗಳ ತೊಲೆಗಳಿಂದ ಹದಿನೈದನೆಯದನ್ನು ಮಾಡಿ ತಂದರು. ಆ ಶಿಲುಬೆಗಳು ಗೋಡೆಗೊರಗಿ ನಿಂತಿವೆ. 1991ರಲ್ಲಿ ಚೆಲ್ಲೊ ವಾದಕ ಮ್ಸ್ತಿಸ್ಲಾವ್ ರೊಸ್ತ್ರೊಪೊವಿಚ್ ಬಾಖ್‌ನ ಚೆಲ್ಲೊ ಸಂಗೀತವನ್ನು ಧ್ವನಿಮುದ್ರಿಸಲು ಈ ನಡುಸಾಲೆಯನ್ನೇ ಆರಿಸಿದ. 1993ರಿಂದ ಇಲ್ಲಿನ ನಿತ್ಯಪ್ರಾರ್ಥನೆ ನಡೆಸುತ್ತಿರುವುದು ಜೆರೂಸಲೇಮ್ ಎಂಬ ಹೆಸರಿನ ಸಂನ್ಯಾಸಿ ಬಳಗ. ಅವರ ಹಾಡಿನ ಹೊತ್ತಿಗೆ ಹೋದರೆ ಆ ಕಲ್ಲುಗಳು ದನಿಯನ್ನು ಹೇಗೆ ಒಯ್ಯುತ್ತವೆಂದು ಗೊತ್ತಾಗುತ್ತದೆ.

ವೆಜ್ಲೆಗೆ ರೈಲಿಲ್ಲ. ಪ್ಯಾರಿಸಿನ ಬೆರ್ಸಿ ನಿಲ್ದಾಣದಿಂದ ಹೊರಟು ಸೆರ್ಮಿಝೆಲ್‌ನಲ್ಲಿ ಇಳಿದು, ಉಳಿದ ಹತ್ತು ಕಿ.ಮೀ.ಯನ್ನು ಟ್ಯಾಕ್ಸಿಯಲ್ಲೋ ಕಾಲ್ನಡಿಗೆಯಲ್ಲೋ ಮುಗಿಸಬೇಕು. ವಾಹನಗಳನ್ನು ಊರ ಕೆಳಗೇ ನಿಲ್ಲಿಸುವುದು ವಾಡಿಕೆ. ಮಧ್ಯಾಹ್ನ ಬಂದು ಸಂಜೆ ಹೋಗುವ ಬಸ್ಸಿನ ಜನ ಕಾಣುವುದು ಚರ್ಚೊಂದನ್ನೇ. ಒಂದು ರಾತ್ರಿ ಉಳಿದವರು ಮರುದಿನ ಕೆಳಗಿಳಿದು ಸ್ಯಾಂ-ಪೇರ್‌ನ ಗಾಥಿಕ್ ಚರ್ಚನ್ನೂ ಅಲ್ಲಿಯ ಫೊಂತೆನ್ ಸಲೆ ಎಂಬ ಉಪ್ಪುನೀರಿನ ಬುಗ್ಗೆಗಳ ಬಳಿಯಿರುವ ರೋಮನ್ ಸ್ನಾನಗೃಹದ ಅವಶೇಷವನ್ನೂ ನೋಡಬಹುದು. ತೋಟಗಳ ಬದಿಯ ದಾರಿಯಲ್ಲಿ ಆಸ್ಕೆಗೆ ನಡೆದರೆ ಸಾಂಟಿಯಾಗೊ ಯಾತ್ರೆಯ ಪಟ್ಟಿಯಲ್ಲಿ ಯುನೆಸ್ಕೊ ಸೇರಿಸಿದ ಇನ್ನೊಂದು ಚರ್ಚಿದೆ. ವೈನ್ ಕೊಳ್ಳುವವರು ಬಾಟಲಿಯ ಮೇಲಿನ ಚೀಟಿಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು: ವೆಜ್ಲೆ ಎಂಬ ಹೆಸರು ಬಿಳಿಯದಕ್ಕೆ ಮಾತ್ರ, ಇದೇ ಇಳಿಜಾರಿನ ಪಿನೊ ನ್ವಾರ್ ದ್ರಾಕ್ಷಿಯ ಕೆಂಪು ವೈನ್ ಮಾರಾಟವಾಗುವುದು ಬರೇ ಬರ್ಗಂಡಿ ಎಂದು.